ಎಂಜಿನ್ ಹೋದ ಕಾರಿನ ಕಾರುಬಾರು

ಮನುಷ್ಯ ಕಾಯಿಲೆ ಬಿದ್ದರೆ ನೋಡಲು ಬರುವವರು ಕೈಯಲ್ಲಿ ನಾಲ್ಕು ಕಿತ್ತಳೆಹಣ್ಣನ್ನಾದರೂ ಹಿಡಿದು ಬರುತ್ತಾರೆ. ಕಾರು ಕಾಯಿಲೆ ಬಿದ್ದರೆ ಬರಿಗೈಯಲ್ಲಿ ಬಂದು, ನಮ್ಮ ಮನೆಯ ಕಾಫಿಯನ್ನೇ ಕುಡಿದು, ಸಲಹೆಯನ್ನು ಮಾತ್ರ ಬಿಟ್ಟು ಹೋಗುತ್ತಾರೆ. ಕಿತ್ತಳೆಯಾದರೆ ಕೊಳೆತ ಮೇಲೆ ತಿಪ್ಪೆಗೆ ಎಸೆಯಬಹುದು. ಸಲಹೆ ಕೊಳೆಯುವ ವಸ್ತುವಲ್ಲ; ಕೊಟ್ಟವರು ವಾರಕ್ಕೊಮ್ಮೆ ಬಂದು ಅದು ಚೆನ್ನಾಗಿದೆಯೇ ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಹೋದ ವರ್ಷ ನಮ್ಮ ಕಾರಿನ ಎಂಜಿನ್ ಹೋದಾಗ, ಅರಸೀಕೆರೆಯಲ್ಲಿ ಇಷ್ಟೊಂದು ಮಂದಿ ಯಂತ್ರಶಾಸ್ತ್ರ ಪಾರಂಗತರು ತೆಂಗಿನಕಾಯಿ ವ್ಯಾಪಾರ, ಪೌರೋಹಿತ್ಯ, ಗುಮಾಸ್ತಗಿರಿಗಳ ವೇಷ ಹಾಕಿಕೊಂಡು ಬದುಕುತ್ತಿದ್ದಾರೆಂಬುದು ನನಗೆ ಮೊದಲ ಬಾರಿಗೆ ತಿಳಿಯಿತು.

ಪಕ್ಕದ ಮನೆಯ ನಿವೃತ್ತ ಗುಮಾಸ್ತರು ರಿಪೇರಿ ಮಾಡಿಸಿ ಎಂದರು. ಎದುರು ಮನೆಯ ಅರ್ಚಕರು, ಕಾರನ್ನು ನಿಲ್ಲಿಸುತ್ತಿದ್ದ ದಿಕ್ಕೇ ಸರಿಯಿರಲಿಲ್ಲ, ಅದರಲ್ಲಿ ಎಂಜಿನ್ನಿನ ತಪ್ಪೇನೂ ಇಲ್ಲ ಎಂದು ಎಂಜಿನ್ನನ್ನು ದೋಷಮುಕ್ತಗೊಳಿಸಿದರು. ನನ್ನ ಹೆಂಡತಿಯ ಅಣ್ಣ ಶಿವಣ್ಣ, ಕೊಬ್ಬರಿ ವ್ಯಾಪಾರಿ, ಯಾವುದನ್ನೂ ಅಲ್ಲಾಡಿಸಿ ಸದ್ದು ಕೇಳಿದ ಮೇಲೇ ತೀರ್ಪು ಕೊಡುವವನು. ಅವನದು ಒಂದೇ ಮಾತು: “ಗುಜರಿಗೆ ಹಾಕಿ ಭಾವ. ಒಳಗೆ ತಿರುಳಿಲ್ಲ.” ಆ ಮಾತನ್ನು ಅವನು ಹೇಳುವಾಗ ನೋಡುತ್ತಿದ್ದದ್ದು ಫೋನಿನಲ್ಲಿದ್ದ ಕಾರಿನ ಚಿತ್ರವನ್ನೋ ನನ್ನನ್ನೋ ಎಂಬುದು ನನಗೆ ಇಂದಿಗೂ ಸ್ಪಷ್ಟವಿಲ್ಲ.

ಈಗ ಕಾರಿನ ವಿಷಯ. ಹದಿನೆಂಟು ವರ್ಷದ ಹಳೆಯ ಸಣ್ಣ ಕಾರು. ಕೊಂಡಾಗ ಬೆಳ್ಳಿಯ ಬಣ್ಣವಿತ್ತು, ಕಾಲಕ್ರಮದಲ್ಲಿ ಬೂದುಗುಂಬಳದ ಬಣ್ಣಕ್ಕೆ ಬಂದಿತ್ತು. ದಾಖಲೆಯಲ್ಲಿ ಅದು ನನ್ನದು. ಆದರೆ ಕಾರು ನನ್ನ ಹೆಸರಿನಲ್ಲಿದ್ದರೂ ಕಾರುಬಾರೆಲ್ಲ ನನ್ನ ಹೆಂಡತಿ ಗಿರಿಜಳದು. ಅವಳು ಮಾದಿಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ನಲವತ್ತಾರನೆಯ ವಯಸ್ಸಿನಲ್ಲಿ, ನಮ್ಮ ಊರಿನ ಕಾಲೇಜು ಮೈದಾನದಲ್ಲಿ, ವಾಲಿಬಾಲ್ ಆಡುವ ಹುಡುಗರೆಲ್ಲ ಕಂಬದ ಹಿಂದೆ ಅವಿತುಕೊಂಡಿರುವಾಗ ಡ್ರೈವಿಂಗ್ ಕಲಿತವಳು. ಮೊದಲ ಸಲ ಒಬ್ಬಳೇ ಮಾದಿಹಳ್ಳಿಯವರೆಗೆ ಓಡಿಸಿಕೊಂಡು ಹೋದ ದಿನ ಫೋನು ಮಾಡಿ, “ರೀ, ಬಂದ್ಬಿಟ್ಟೆ ಕಣ್ರೀ!” ಎಂದಳು. ಆ ದನಿಯನ್ನು ನಾನು ಅವಳಿಗೆ ಬಡ್ತಿ ಬಂದಾಗಲೂ ಕೇಳಿರಲಿಲ್ಲ, ಮದುವೆಯಾದಾಗಲಂತೂ ಕೇಳಿರಲೇ ಇಲ್ಲ.

ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನನಗೂ ಲೈಸೆನ್ಸ್ ಇದೆ. ನಾನು ಓಡಿಸುವಾಗ ಸೈಕಲ್ಲಿನವರು ಹಿಂದಿನಿಂದ ಬೆಲ್ಲು ಹೊಡೆದು ಮುಂದೆ ಹೋಗುತ್ತಾರೆ ಎಂಬುದು ಗಿರಿಜಳ ಅಪಪ್ರಚಾರ. ಒಂದು ಸಲ ಮಾತ್ರ ಹಾಗಾಗಿದೆ. ಬಂಧುಗಳ ಮನೆಗೆ ಹೋಗುವಾಗ ನಾನೇ ಓಡಿಸಬೇಕೆಂಬುದು ನನ್ನ ಹಟ. ಹೆಂಡತಿ ಓಡಿಸಿ ಗಂಡ ಪಕ್ಕದಲ್ಲಿ ಕೂತು ಹಣ್ಣಿನ ಬುಟ್ಟಿ ಹಿಡಿದುಕೊಂಡಿದ್ದರೆ ಜನ ಏನೆಂದುಕೊಂಡಾರು! ಸಮಾಸದಲ್ಲಿ ಪೂರ್ವಪದಕ್ಕೆ ಪ್ರಾಧಾನ್ಯವೋ ಉತ್ತರಪದಕ್ಕೆ ಪ್ರಾಧಾನ್ಯವೋ ಎಂದು ಜೀವಮಾನವೆಲ್ಲ ತಲೆ ಕೆಡಿಸಿಕೊಂಡವನಿಗೆ, ಕಾರಿನ ಮುಂದಿನ ಎರಡು ಸೀಟುಗಳಲ್ಲಿ ಯಾವುದು ಪ್ರಧಾನವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಭಾನುವಾರ ಬೇಲೂರಿನಲ್ಲಿ ಗಿರಿಜಳ ಚಿಕ್ಕಪ್ಪನ ಮೊಮ್ಮಗುವಿನ ನಾಮಕರಣ. ಹಿಂದಿನ ಸೀಟಿನಲ್ಲಿ ಶಿವಣ್ಣ. ಪಕ್ಕದಲ್ಲಿ, ತೊಡೆಯ ಮೇಲೆ ಹೋಳಿಗೆಯ ಡಬ್ಬಿ ಇಟ್ಟುಕೊಂಡು ಗಿರಿಜ. ಚಕ್ರದ ಮುಂದೆ ನಾನು. ಬಾಣಾವರ ದಾಟಿತು, ಜಾವಗಲ್ ದಾಟಿತು. ರಾಗಿ ಹೊಲಗಳ ನಡುವೆ ಗಾಳಿ ತಂಪಾಗಿ ಬೀಸುತ್ತಿತ್ತು. ಶಿವಣ್ಣ ಹಿಂದಿನಿಂದ ನನ್ನ ಭುಜ ತಟ್ಟಿ, “ಪರ್ವಾಗಿಲ್ಲ ಕಣ್ರೀ ಭಾವ, ಚೆನ್ನಾಗೇ ಓಡಿಸ್ತೀರ!” ಎಂದ. ಇಪ್ಪತ್ತೆಂಟು ವರ್ಷಗಳ ಸಂಬಂಧದಲ್ಲಿ ಅವನು ನನ್ನನ್ನು ಹೊಗಳಿದ್ದು ಅದೇ ಮೊದಲು. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಬೆನ್ನು ನೆಟ್ಟಗಾದ್ದರಿಂದ ಕಣ್ಣು ಮೇಲೇರಿ, ಸ್ಟಿಯರಿಂಗಿನ ಹಿಂದಿದ್ದ ಮೀಟರುಗಳೆಲ್ಲ ಸರಿಯಾಗಿ ಕಾಣಿಸಿದವು. ಶಾಖ ತೋರಿಸುವ ಮುಳ್ಳು, ಸದಾ ನಡುವಿನಲ್ಲಿ ಧ್ಯಾನಸ್ಥವಾಗಿರುತ್ತಿದ್ದದ್ದು, ಕೆಂಪು ಗೆರೆಯನ್ನು ಮುಟ್ಟಿ ನಿಂತಿತ್ತು.

ನಾನು ನೋಡಿದೆ. ಇದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಳ್ಳಬೇಕಾದವರ ಎದುರು ಒಪ್ಪಿಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು. ನೋಡಿದೆ, ಆದರೆ ಹೊಗಳಿಕೆ ಬಂದು ಇನ್ನೂ ಎರಡು ನಿಮಿಷವಾಗಿರಲಿಲ್ಲ. ಆಗಲೇ ಗಾಡಿ ನಿಲ್ಲಿಸಿ, “ಏನೋ ತೊಂದರೆಯಾಗಿದೆ” ಎಂದರೆ ಆ ಹೊಗಳಿಕೆಯ ಗತಿಯೇನು? ಬೇಲೂರು ಮುಟ್ಟಿದ ಮೇಲೆ ನೋಡೋಣ, ಮುಳ್ಳಿಗೇನು, ನನ್ನ ರಕ್ತದೊತ್ತಡವೂ ಒಮ್ಮೊಮ್ಮೆ ಏರುತ್ತದೆ, ಆಮೇಲೆ ಇಳಿಯುತ್ತದೆ ಎಂದುಕೊಂಡೆ.

ಹುಲಿಕೆರೆಯ ತಿರುವಿನ ಹತ್ತಿರ ಗಿರಿಜ ಮೂಗೆತ್ತಿ, “ಏನೋ ಸಿಹಿ ವಾಸನೆ ಬರ್ತಿದೆಯಲ್ರೀ?” ಎಂದಳು.

“ಆಲೆಮನೆ ಕಣೇ. ಎಲ್ಲೋ ಬೆಲ್ಲ ಕಾಯಿಸ್ತಿದಾರೆ,” ಎಂದೆ.

ಸುತ್ತ ಕಣ್ಣು ಹಾಯುವವರೆಗೂ ಒಂದು ಕಬ್ಬಿನ ಜಲ್ಲೆಯೂ ಇರಲಿಲ್ಲ. ಗಿರಿಜ ಮರುಮಾತಾಡಲಿಲ್ಲ. ಅವಳು ಮರುಮಾತಾಡದೆ ಒಪ್ಪಿಕೊಂಡದ್ದು ನನಗೆ ಆಗಲೇ ವಿಚಿತ್ರವೆನಿಸಬೇಕಾಗಿತ್ತು.

ಕನ್ನಡದಲ್ಲಿ ‘ಕಾರು’ ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು ಎಂದು ನಾನು ಎಷ್ಟೋ ತರಗತಿಗಳಲ್ಲಿ ಹೇಳಿ ನಗಿಸಿದ್ದೆ. ಹಳೇಬೀಡು ದಾಟಿ ಒಂದಿಷ್ಟು ದೂರ ಹೋಗುವುದರೊಳಗೆ ನಮ್ಮ ಕಾರು ಎರಡನ್ನೂ ಒಟ್ಟಿಗೆ ಮಾಡಿ ತೋರಿಸಿತು: ಕಾರು ಕಾರಿತು. ಬಾನೆಟ್ಟಿನ ನಾಲ್ಕೂ ಸಂದಿನಿಂದ ಬಿಳಿಯ ಹೊಗೆ. ಒಳಗೆ ಯಾರೋ ಕಬ್ಬಿಣದ ಪಾತ್ರೆಗಳನ್ನು ಮೆಟ್ಟಿಲಿನಿಂದ ಉರುಳಿಸಿದಂಥ ಸದ್ದು. ಆಮೇಲೆ ಒಂದು ಜಗ್ಗು, ಮತ್ತು ಪೂರ್ಣವಿರಾಮ. ಭತ್ತದ ಹುಲ್ಲು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ಹೊಗೆಯನ್ನು ಸಾವಕಾಶವಾಗಿ ನೋಡಿ, “ಏನ್ ಸಾಮಿ, ಒಳಗೇನ್ ಭತ್ತ ಬೇಯಿಸ್ತಿದ್ರಾ?” ಎಂದ. ಅವನೇ ಹಗ್ಗ ಕಟ್ಟಿ ನಮ್ಮನ್ನು ಹಳೇಬೀಡಿಗೆ ಎಳೆದುಕೊಂಡು ಹೋದ. ಎಳೆಸಿಕೊಳ್ಳುವ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಿರುವುದಕ್ಕಿಂತ ದೊಡ್ಡ ವಿನಯಪಾಠ ಯಾವ ಗುರುಕುಲದಲ್ಲೂ ಸಿಕ್ಕಲಾರದು. ಶಿವಣ್ಣ ಹೋಳಿಗೆಯ ಡಬ್ಬಿ ಹಿಡಿದುಕೊಂಡು ಬೇಲೂರಿನ ಬಸ್ಸು ಹತ್ತಿದ.

ಹಳೇಬೀಡಿನಲ್ಲಿ ರುದ್ರೇಶನ ಗ್ಯಾರೇಜು. ಗಿರಿಜ ದಿನವೂ ಹೋಗಿಬರುವ ದಾರಿಯಲ್ಲೇ ಇದ್ದುದರಿಂದ ಅವನೇ ನಮ್ಮ ಕಾರಿನ ಕುಟುಂಬ ವೈದ್ಯ. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಬಾನೆಟ್ ಎತ್ತಿ ನೋಡಿ, ಏನನ್ನೋ ತಿರುಗಿಸಲು ಹೋಗಿ, ಅದು ತಿರುಗದೆ, ಕೈ ಒರೆಸಿಕೊಂಡ.

“ಸೀಜ್ ಆಗೈತೆ ಮೇಷ್ಟ್ರೇ.”

ಸೀಜ್ ಮಾಡುವುದು ಪೊಲೀಸರ ಕೆಲಸವೆಂದೇ ನಾನು ತಿಳಿದಿದ್ದೆ. ರುದ್ರೇಶ ವಿವರಿಸಿದ: ನೀರು ಸಾಗುವ ರಬ್ಬರ್ ಪೈಪು ಸೀಳಿ ನೀರೆಲ್ಲ ಸೋರಿದೆ, ಶಾಖಕ್ಕೆ ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಂಡಿವೆ. ನನ್ನ ಪಂಡಿತಬುದ್ಧಿಗೆ ಕೂಡಲೇ ಅರ್ಥವಾಯಿತು. ಸಂಧಿಯಲ್ಲಿ ಲೋಪ, ಆಗಮ, ಆದೇಶ ಎಂದು ಮೂರು ಬಗೆ. ನೀರು ಲೋಪವಾಗಿತ್ತು, ಹೊಗೆ ಆಗಮವಾಗಿತ್ತು. ಒಂದರ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸುವ ಆದೇಶವೊಂದೇ ಬಾಕಿ, ಅಂದರೆ ಬೇರೆ ಎಂಜಿನ್. ಈ ವಿಶ್ಲೇಷಣೆಯನ್ನು ಗಟ್ಟಿಯಾಗಿ ಹೇಳಿದೆ. ಯಾರೂ ನಗಲಿಲ್ಲ.

ರುದ್ರೇಶ ಕೇಳಿದ: “ಮುಳ್ಳು ಕೆಂಪಿಗೆ ಹೋಗಿರ್ಬೇಕಲ್ಲ ಮೇಷ್ಟ್ರೇ. ನೋಡ್ಲಿಲ್ವಾ?”

“ಆ ಮುಳ್ಳು ಕೆಟ್ಟು ಬಹಳ ದಿನವಾಯಿತಪ್ಪ,” ಎಂದೆ.

ಹೇಳಿದ ಮರುಕ್ಷಣವೇ ನನ್ನ ಮೂರ್ಖತನ ನನಗೆ ಹೊಳೆಯಿತು. ಆ ಮುಳ್ಳನ್ನು ದಿನಕ್ಕೆ ಎರಡು ಸಲ ನೋಡುವ ಹೆಂಗಸು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ನನ್ನ ಮುಖ ನೋಡಿದಳು, ರುದ್ರೇಶನ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ತಿರುಗಿ ನಿಂತಳು. ಗಣಿತದ ಮೇಷ್ಟರುಗಳು ತಪ್ಪು ಉತ್ತರವನ್ನು ಕಂಡೂ ಸುಮ್ಮನಾಗುವುದು ಪ್ರಕೃತಿಗೆ ವಿರುದ್ಧ. ಆಹಾ, ಎಂಥ ಸಾಧ್ವಿ, ಪರರೆದುರು ಗಂಡನ ಮಾನ ಉಳಿಸಿದಳು ಎಂದು ನನ್ನ ಕಣ್ಣು ತುಂಬಿ ಬಂತು.

ಅಂದಿನಿಂದ ಮನೆಯಲ್ಲಿ ವಾದ ಶುರುವಾಯಿತು. ಗಿರಿಜ ರಿಪೇರಿಯ ಪಕ್ಷ, ನಾನು ಗುಜರಿಯ ಪಕ್ಷ. ನನ್ನ ಗುಜರಿವಾದ ಬಹಳ ತಾತ್ವಿಕವಾಗಿತ್ತು. ಸಕಲ ವಸ್ತುಗಳೂ ನಶ್ವರ, ಲೋಹ ಲೋಹಕ್ಕೇ ಸೇರಬೇಕು, ಮೋಹ ಸಲ್ಲದು ಎಂದು ಪ್ರತಿ ಸಂಜೆ ಉಪನ್ಯಾಸ ಕೊಡುತ್ತಿದ್ದೆ. ನಿಜವಾದ ಕಾರಣ ಅಷ್ಟು ಉದಾತ್ತವಾಗಿರಲಿಲ್ಲ. ರಿಪೇರಿಯಾಗಿ ಕಾರು ಮನೆಗೆ ಬಂದರೆ ಆ ಮುಳ್ಳೂ ಅದರೊಂದಿಗೆ ಬರುತ್ತದೆ, ದಿನವೂ ಎದ್ದು ನಿಂತು ನನ್ನ ವಿರುದ್ಧ ಸಾಕ್ಷಿ ಹೇಳುತ್ತದೆ. ಸಾಕ್ಷಿಯನ್ನು ತೂಕಕ್ಕೆ ಹಾಕಿ ಮಾರುವ ಅವಕಾಶ ಎಷ್ಟು ಮಂದಿ ಅಪರಾಧಿಗಳಿಗೆ ಸಿಗುತ್ತದೆ!

“ಜೀರ್ಣೋದ್ಧಾರ ಮಾಡ್ಸೋಣ ರೀ,” ಎನ್ನುತ್ತಿದ್ದಳು ಗಿರಿಜ.

“ಜೀರ್ಣವಾಗೋದು ನಮ್ಮ ಉಳಿತಾಯ, ಉದ್ಧಾರವಾಗೋನು ರುದ್ರೇಶ,” ಎನ್ನುತ್ತಿದ್ದೆ ನಾನು.

“ಹಳೇಬೀಡಲ್ಲಿ ಕೈ ಹೋದ ವಿಗ್ರಹ, ಸೊಂಡಿಲು ಹೋದ ಆನೆ ಎಷ್ಟಿಲ್ಲ? ಯಾರಾದ್ರೂ ಗುಜರಿಗೆ ಹಾಕಿದಾರಾ? ದೇಶದೇಶದಿಂದ ಬಂದು ಫೋಟೋ ತೆಕ್ಕೊಂಡು ಹೋಗ್ತಾರೆ.”

ಅವಳ ಹಟ ನನ್ನನ್ನು ಬೆರಗುಗೊಳಿಸಿತು. ಹರಿದ ಚಪ್ಪಲಿಯನ್ನು ಎರಡನೆಯ ಸಲ ಹೊಲಿಸದವಳು, ಕೈ ಕೊಟ್ಟ ಮಿಕ್ಸಿಯನ್ನು ಅದೇ ದಿನ ಹಳೇ ಸಾಮಾನಿನವನಿಗೆ ಕೊಟ್ಟವಳು, ಈ ಕಾರಿನ ವಿಷಯದಲ್ಲಿ ಮಾತ್ರ ಕರಗಿಹೋಗಿದ್ದಳು. ಈಗ ದಿನವೂ ಬಸ್ಸಿನಲ್ಲಿ ಮಾದಿಹಳ್ಳಿಗೆ ಹೋಗಿಬರುತ್ತಿದ್ದಳು. ಬಸ್ಸು ಗ್ಯಾರೇಜಿನ ಮುಂದೆಯೇ ಹಾಯುತ್ತಿತ್ತು. “ಇವತ್ತು ಅದರ ಮೇಲೆ ಕೋಳಿ ಕೂತಿತ್ತು,” ಎಂದು ಬಂದು ಹೇಳಿ, ಊಟ ಅರ್ಧಕ್ಕೇ ಬಿಟ್ಟು ಎದ್ದಳು ಒಂದು ದಿನ.

ಅವಳು ಶಾಲೆಯಲ್ಲಿದ್ದ ಒಂದು ಮಂಗಳವಾರ ನಾನು ಗುಟ್ಟಾಗಿ ಹಳೇಬೀಡಿನ ಬಸ್ಸು ಹತ್ತಿದೆ. ರುದ್ರೇಶನನ್ನು ಮರೆಗೆ ಕರೆದು, ಅಕಸ್ಮಾತ್ ರಿಪೇರಿಯೇ ಆಗುವುದಾದರೆ, ಆ ಶಾಖದ ಮೀಟರಿನ ತಂತಿ ಒಳಗೆ ಕಿತ್ತುಹೋಗಿರಬಹುದೇ ಸ್ವಲ್ಪ ನೋಡಪ್ಪ ಎಂದೆ.

ಅವನು ತಲೆ ಕೆರೆದುಕೊಂಡು ಕೇಳಿದ: “ಕಿತ್ತೋಗಿರ್ಬೇಕಾ ಮೇಷ್ಟ್ರೇ, ಇಲ್ಲಾ ನಾನೇ ಕೀಳ್ಬೇಕಾ?”

ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ನನ್ನ ಒಬ್ಬ ವಿದ್ಯಾರ್ಥಿಯೂ ಹೇಳಿರಲಿಲ್ಲ. ನಾನು ಬೆವರು ಒರೆಸಿಕೊಂಡೆ. ರುದ್ರೇಶ ನನ್ನನ್ನು ಕನಿಕರದಿಂದ ನೋಡಿ, “ನೀವಿಬ್ರೂ ಒಟ್ಟಿಗೆ ಬನ್ನಿ. ಬೇರೆ ಬೇರೆ ಬರೋದು ಬ್ಯಾಡ,” ಎಂದ. ಬೇರೆ ಬೇರೆ ಎಂದರೇನೆಂದು ಕೇಳುವಷ್ಟು ಸ್ವಸ್ಥಚಿತ್ತ ನನಗೆ ಆಗಿರಲಿಲ್ಲ.

ಮುಂದಿನ ಭಾನುವಾರ ಒಟ್ಟಿಗೇ ಹೋದೆವು. ರುದ್ರೇಶ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ಚಹಾ ತರಿಸಿ, ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಬೇರೊಂದು ಹಳೆಯ ಎಂಜಿನ್ ಸಿಗುತ್ತದೆ, ಕೂರಿಸಬಹುದು. ಆದರೆ ಕಾರಿನ ತಳವೆಲ್ಲ ತುಕ್ಕು ಹಿಡಿದಿದೆ, ಖರ್ಚು ಬಹಳ, ಎಷ್ಟು ದಿನ ಓಡುತ್ತದೋ ಹೇಳಲಾರೆ ಎಂದ. ಗಿರಿಜ ತನ್ನ ವಿಗ್ರಹದ ವಾದವನ್ನು ಅವನೆದುರೂ ಮಂಡಿಸಿದಳು.

“ಕಲ್ಲಿಗೆ ತುಕ್ಕು ಹಿಡಿಯಕ್ಕಿಲ್ಲ ಟೀಚರಮ್ಮ,” ಎಂದ ರುದ್ರೇಶ.

ಗಿರಿಜ ದೃಢವಾಗಿ ಹೇಳಿದಳು: “ಆಗ್ಲಿ. ಮಾಡಪ್ಪ. ಬದರಿಗೆ ಅಂತ ಎತ್ತಿಟ್ಟಿದ್ದು ಇದೆಯಲ್ಲ, ಅದನ್ನ ಕೊಡ್ತೀನಿ.”

ಈ ಮಾತು ನನ್ನ ಎದೆಗೆ ಬಡಿಯಿತು. ಶಾಲೆಯ ಗೆಳತಿಯರೊಂದಿಗೆ ಬದರಿಗೆ ಹೋಗಬೇಕು, ಒಮ್ಮೆ ಹಿಮವನ್ನು ಕೈಯಿಂದ ಮುಟ್ಟಬೇಕು ಎಂದು ಅವಳು ನಾಲ್ಕು ವರ್ಷದಿಂದ ಕೂಡಿಡುತ್ತಿದ್ದಳು. ಫ್ರಿಜ್ಜಿನ ಒಳಗೋಡೆಯ ಮಂಜನ್ನು ಕೆರೆಯುವಾಗಲೂ “ಇದರ ಹಾಗೇ ಇರುತ್ತೇನ್ರೀ?” ಎಂದು ಕೇಳುವವಳು. ಆ ಹಿಮವನ್ನೆಲ್ಲ ಕರಗಿಸಿ, ಶಿವಣ್ಣನ ಒಂದು ಹೊಗಳಿಕೆಗಾಗಿ ನಾನು ಸುಟ್ಟ ಎಂಜಿನ್ನಿಗೆ ಸುರಿಯಲು ಹೊರಟಿದ್ದಳು. ನಾನು ಅಷ್ಟೇನೂ ಒಳ್ಳೆಯವನಲ್ಲ, ಆದರೆ ಅಷ್ಟು ಕೆಟ್ಟವನೂ ಅಲ್ಲವೆಂದು ಆಗ ತಿಳಿಯಿತು.

“ಗಿರಿಜಾ, ಆವತ್ತು ಆ ಮುಳ್ಳು ನೋಡಿದ್ದೆ ಕಣೇ,” ಎಂದೆ. “ಕೆಂಪಿಗೆ ಹೋಗಿದ್ದನ್ನ ನೋಡಿದ್ದೆ. ನಿಮ್ಮಣ್ಣನ ಎದುರು ನಿಲ್ಲಿಸೋಕೆ ಅವಮಾನ ಅನ್ನಿಸ್ತು. ಆಲೆಮನೆಯೂ ಇರಲಿಲ್ಲ.”

ಗಿರಿಜ ಲೋಟವನ್ನು ಕೆಳಗಿಟ್ಟಳು.

“ಗೊತ್ತಿತ್ತು. ದಿನಾ ಓಡಿಸೋಳು ನಾನು. ಮುಳ್ಳು ಕೆಟ್ಟಿಲ್ಲ ಅಂತ ನಂಗೊತ್ತಿಲ್ವಾ?”

“ಮತ್ತೆ ಯಾಕೆ ಸುಮ್ಮನಿದ್ದೆ?”

ಅವಳು ರುದ್ರೇಶನನ್ನು ನೋಡಿದಳು. ಅವನು ಎರಡೂ ಕೈ ಎತ್ತಿ, “ನೀವೇ ಹೇಳಿ ಟೀಚರಮ್ಮ. ನಾನ್ ಯಾರ್ ವಿಸ್ಯಾನೂ ಹೇಳಾಕಿಲ್ಲ,” ಎಂದ.

“ಆ ಪೈಪು ಸೀಳೋಕೆ ಬಂದಿದೆ, ತಕ್ಷಣ ಬದಲಾಯ್ಸಿ ಅಂತ ಇವನು ನನಗೆ ಹದಿನೈದು ದಿನ ಮುಂಚೆನೇ ಹೇಳಿದ್ದ,” ಎಂದಳು ಗಿರಿಜ. ದನಿ ಸಣ್ಣಗಾಗಿತ್ತು. “ಪರೀಕ್ಷೆ ಮುಗೀಲಿ, ರಜಾದಲ್ಲಿ ಮಾಡಿಸೋಣ ಅಂದ್ಕೊಂಡೆ. ಆವತ್ತು ಬೆಳಿಗ್ಗೆ ಹೋಳಿಗೆ ಗಡಿಬಿಡೀಲಿ ನೀರು ನೋಡೋದೂ ಮರೆತೆ. ಸಿಹಿ ವಾಸನೆ ಬಂದ್ರೆ ನೀರು ಸೋರ್ತಿದೆ ಅಂತ ಇವನೇ ಹೇಳ್ಕೊಟ್ಟಿದ್ದ. ನೀವು ಆಲೆಮನೆ ಅಂದ್ರಿ. ಹೌದಿರಬಹುದು ಅಂತ ನಂಬೋಕೆ ನಾನೂ ಕಷ್ಟಪಟ್ಟೆ. ಆಮೇಲೆ ಬಂದು, ಪೈಪಿನ ವಿಷ್ಯ ಇವರಿಗೆ ಹೇಳ್ಬೇಡಪ್ಪ ಅಂತ ಇವನ ಹತ್ರ ಕೇಳ್ಕೊಂಡೆ. ನಾನೇ ಕೊಂದೆ ಅದನ್ನ. ಅದಕ್ಕೇ ರಿಪೇರಿ ಮಾಡಿಸ್ಲೇಬೇಕು ಅಂತಿದ್ದೆ.”

“ಅಬ್ಬಬ್ಬ!” ಎಂದು ರುದ್ರೇಶ ಸ್ಪ್ಯಾನರು ಕೆಳಗೆ ಹಾಕಿ ನೆಲದ ಮೇಲೇ ಕೂತುಬಿಟ್ಟ. “ಒಂದ್ ತಿಂಗಳಿಂದ ಹೊಟ್ಟೆ ಉಬ್ಬರಿಸ್ತಿತ್ತು ಮೇಷ್ಟ್ರೇ. ಅವ್ರು ಬಂದು ಪೈಪ್ ಮುಚ್ಚು ಅಂತಾರೆ, ನೀವು ಬಂದು ಮುಳ್ಳು ಕೀಳು ಅಂತೀರಾ. ನಾನೇನ್ ಮೆಕ್ಯಾನಿಕ್ಕಾ, ವಕೀಲನಾ?”

ಗಿರಿಜ ನನ್ನತ್ತ ತಿರುಗಿದಳು. “ಮುಳ್ಳು ಕೀಳ್ಸೋಕೆ ಬಂದಿದ್ರಾ?”

“ಕೀಳಿಸೋಕಲ್ಲ. ಕಿತ್ತುಹೋಗಿದೆಯಾ ಅಂತ ನೋಡಿಸೋಕೆ,” ಎಂದೆ.

ಅವಳು ನಕ್ಕಳು. ಮೊದಲು ಬಾಯಿಗೆ ಸೆರಗು ಮುಚ್ಚಿ, ಆಮೇಲೆ ಸೆರಗು ಬಿಟ್ಟು, ಆಮೇಲೆ ಕಣ್ಣೀರು ಬರುವಂತೆ. ಅವಳ ನಗು ನನಗೂ ಅಂಟಿತು. ಸಾಧ್ವಿಯೆಂದು ನಾನು ಕಣ್ಣು ತುಂಬಿಕೊಂಡಿದ್ದ ಮೌನ ಸಹ-ಅಪರಾಧಿಯ ಮೌನವಾಗಿತ್ತು! ನನಗೆ ಅದರಿಂದ ಆದ ಸಮಾಧಾನವನ್ನು ಹೇಳಲಾರೆ. ಇಪ್ಪತ್ತೆಂಟು ವರ್ಷದಿಂದ ನನ್ನ ತಲೆಯ ಮೇಲೆ ಕೂತಿದ್ದ ಒಬ್ಬ ನಿರ್ದೋಷಿ ಹೆಂಗಸು ಇಳಿದು ಬಂದು ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಹಾಗಾಯಿತು.

ನಗು ಇಳಿದ ಮೇಲೆ ಒಂದು ತಮಾಷೆ ನಡೆಯಿತು. ಪಾಪಪರಿಹಾರದ ಉತ್ಸಾಹದಲ್ಲಿ ನಾನು, “ರಿಪೇರಿ ಮಾಡಿಸೋಣ ಕಣೇ. ನಿನ್ನ ಬದರಿ ದುಡ್ಡು ಬೇಡ, ನಾನು ನೋಡ್ಕೋತೀನಿ,” ಎಂದೆ. ಅದೇ ಕ್ಷಣದಲ್ಲಿ ಅವಳು, “ಗುಜರಿಗೆ ಹಾಕ್ಬಿಡೋಣ ರೀ,” ಎಂದಳು. ಇಬ್ಬರೂ ಪಕ್ಷಾಂತರ ಮಾಡಿದ್ದೆವು. ತಿಂಗಳೆಲ್ಲ ನಾವು ಚರ್ಚಿಸಿದ್ದು ಕಾರಿನ ವಿಷಯವನ್ನೇ ಅಲ್ಲ. ನಾನು ನನ್ನ ತಪ್ಪನ್ನು ಮಾರಲು ಹೊರಟಿದ್ದೆ, ಅವಳು ತನ್ನ ತಪ್ಪನ್ನು ರಿಪೇರಿ ಮಾಡಿಸಲು ಹೊರಟಿದ್ದಳು. ಕಾರು ಬಡಪಾಯಿ ತಲೆಯ ಮೇಲೆ ಕೋಳಿ ಕೂರಿಸಿಕೊಂಡು ಕಾಯುತ್ತಿತ್ತು.

“ಈಗ ಹೇಳಪ್ಪ ರುದ್ರೇಶ. ನಿಂದೇ ಆಗಿದ್ರೆ ಏನ್ ಮಾಡ್ತಿದ್ದೆ?” ಎಂದು ಗಿರಿಜ ಕೇಳಿದಳು. ಒಂದು ತಿಂಗಳಲ್ಲಿ ಅವನನ್ನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

“ಕಳಿಸ್ಕೊಟ್ಬಿಡ್ತಿದ್ದೆ ಟೀಚರಮ್ಮ. ಹದಿನೆಂಟ್ ವರ್ಸ ದುಡಿದೈತೆ. ಸಾಕು.”

ಹಾಗೆಂದೇ ತೀರ್ಮಾನವಾಯಿತು. ಮುಂದಿನ ವಾರ ಹಾಸನದ ಕಡೆಯ ಗುಜರಿಯವನೊಬ್ಬ ಗ್ಯಾರೇಜಿಗೆ ಸಣ್ಣ ಲಾರಿ ತಂದ. ಅದರ ಹಿಂಬದಿಗೆ ಎರಡು ದಪ್ಪ ಹಲಗೆಗಳನ್ನು ಇಳಿಜಾರಾಗಿ ಒರಗಿಸಿ, ಕಾರನ್ನು ತಳ್ಳಿ ಹತ್ತಿಸಬೇಕು, ಯಾರಾದರೂ ಒಳಗೆ ಕೂತು ಸ್ಟಿಯರಿಂಗ್ ನೇರ ಹಿಡಿಯಬೇಕು ಎಂದ. ನಾನು ಬಾಯಿ ತೆರೆಯುವ ಮೊದಲೇ ಗಿರಿಜ ಬಾಗಿಲು ತೆಗೆದು ಕೂತಾಗಿತ್ತು. ಕನ್ನಡಿ ಸರಿಮಾಡಿಕೊಂಡಳು. ಸೀಟ್ ಬೆಲ್ಟ್ ಹಾಕಿಕೊಂಡಳು. ಎಂಜಿನ್ ಸತ್ತ ಕಾರಿಗೆ ಸೀಟ್ ಬೆಲ್ಟ್ ಯಾಕೆಂದು ನಾನು ಕೇಳಲಿಲ್ಲ.

ರುದ್ರೇಶ, ಗುಜರಿಯವನು, ನಾನು, ಮೂವರೂ ಹಿಂದೆ ನಿಂತು ತಳ್ಳಿದೆವು. “ಇನ್ನೂ ಜೋರಾಗಿ ತಳ್ರೀ!” ಎಂದು ಒಳಗಿನಿಂದ ಅಪ್ಪಣೆಯಾಯಿತು. ತಳ್ಳಿದೆ. ಚಕ್ರಗಳು ಹಲಗೆ ಏರಿ, ಒಮ್ಮೆ ಜಾರಿ, ಮತ್ತೆ ಏರಿ, ಕಾರು ಲಾರಿಯ ಮೇಲೆ ಹೋಗಿ ನಿಂತಿತು. ಗಿರಿಜ ಅಷ್ಟು ಎತ್ತರದಲ್ಲಿ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಮುಂದಿನ ಗಾಜಿನಿಂದ ರಸ್ತೆಯನ್ನೇ ನೋಡುತ್ತ ಕೂತಳು. ಇಳಿಯಲಿಲ್ಲ. ಗುಜರಿಯವನು ನನ್ನ ಮುಖ ನೋಡಿದ.

“ಎರಡು ನಿಮಿಷ ಇರಪ್ಪ,” ಎಂದೆ.

ಆಗ ಅವಳು ಹಾರ್ನ್ ಒತ್ತಿದಳು. ತಿಂಗಳಿಗೂ ಮೇಲೆ ಸುಮ್ಮನೆ ನಿಂತಿದ್ದ ಬ್ಯಾಟರಿಯಲ್ಲಿ ಅಷ್ಟು ಉಸಿರು ಉಳಿದಿತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ದೇವಸ್ಥಾನದ ಕಡೆ ಹೋಗುತ್ತಿದ್ದ ಪ್ರವಾಸಿಗರ ಗುಂಪೊಂದು ಬೆಚ್ಚಿ ರಸ್ತೆಯ ಅಂಚಿಗೆ ಸರಿಯಿತು. ಅವರಲ್ಲೊಬ್ಬ ಕ್ಯಾಮೆರಾ ಎತ್ತಿ, ಲಾರಿಯ ಮೇಲಿನ ಕಾರನ್ನೂ ಅದರೊಳಗೆ ಗಂಭೀರವಾಗಿ ಕೂತು ಹಾರ್ನ್ ಹೊಡೆಯುತ್ತಿದ್ದ ಗಣಿತದ ಮೇಡಮ್ಮನ್ನೂ ಫೋಟೋ ತೆಗೆದುಕೊಂಡ.